ಮರಳಿ ಅಂಗಣಕ್ಕೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಶಾಲೆಯಿಂದ ಪತ್ರ ಬಂದಾಗ ನನ್ನ ಕಣ್ಣಮುಂದೆ ಮೊದಲು ಸುಳಿದದ್ದು ತರಗತಿಯ ಕೋಣೆಯಲ್ಲ, ಗೇರುಮರಗಳ ಅಂಚಿನ ಆಟದ ಬಯಲು. ಅಲ್ಲಿ ಬರಿಗಾಲಿನಲ್ಲಿ ತ್ರೋಬಾಲ್ ಆಡಿದವಳು ನಾನು. 1984ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಯಿತು. ಮುಂದೆ ಮದುವೆ, ಮನೆ, ಮಕ್ಕಳು. ಆಡಬೇಡವೆಂದು ಯಾರೂ ಹೇಳಲಿಲ್ಲ. ಆಡು ಎಂದೂ ಯಾರೂ ಹೇಳಲಿಲ್ಲ.

2022ರ ಅಕ್ಟೋಬರಿನಲ್ಲಿ ಒಂದು ಸಂಜೆ ಮಗಳು ಮೊಬೈಲನ್ನು ನನ್ನ ಮುಂದೆ ಹಿಡಿದಳು. "ಅಮ್ಮಾ, ಇವರನ್ನು ನೋಡು. ನಲವತ್ತೊಂದು ವರ್ಷ, ಎರಡು ಮಕ್ಕಳ ತಾಯಿ!" ಆಸ್ಟ್ರೇಲಿಯಾದ ಬಾಸ್ಕೆಟ್‌ಬಾಲ್ ಆಟಗಾರ್ತಿ ಲಾರೆನ್ ಜಾಕ್ಸನ್ ಆಕೆ. ಸಿಡ್ನಿಯಲ್ಲಿ ನಡೆದ ವಿಶ್ವಕಪ್‌ನ ಕಂಚಿನ ಪದಕದ ಪಂದ್ಯದಲ್ಲಿ ಕೆನಡಾದ ವಿರುದ್ಧ ಒಬ್ಬರೇ 30 ಅಂಕ ಗಳಿಸಿದ್ದರು.

ಅಂದಿನಿಂದ ಅವರ ವಿಷಯ ಸಿಕ್ಕಿದಲ್ಲೆಲ್ಲ ಓದಿದೆ. 1981ರಲ್ಲಿ ಅವರು ಹುಟ್ಟಿದ ಆಲ್ಬರಿ ಮರ್ರೆ ನದಿಯ ದಡದ ಊರು. ಹೊಳೆ ದಾಟಿದರೆ ಬೇರೆ ರಾಜ್ಯ. ಗಡಿನಾಡಿನವಳಾದ ನನಗೆ ಆ ಊರು ಪರಕೀಯವೆನಿಸಲಿಲ್ಲ. ತಂದೆತಾಯಿಗಳಿಬ್ಬರೂ ದೇಶದ ಪರವಾಗಿ ಬಾಸ್ಕೆಟ್‌ಬಾಲ್ ಆಡಿದವರು. ತಾಯಿ ಮರೀ ಧರಿಸುತ್ತಿದ್ದ 15ನೆಯ ಸಂಖ್ಯೆಯನ್ನೇ ಮಗಳೂ ಧರಿಸಿದಳು. ಚಿನ್ನಾಭರಣಕ್ಕಿಂತ ಇದು ದೊಡ್ಡ ಬಳುವಳಿಯಲ್ಲವೇ?

2000, 2004, 2008ರ ಮೂರೂ ಒಲಿಂಪಿಕ್ಸ್‌ಗಳ ಫೈನಲ್‌ನಲ್ಲಿ ಅಮೆರಿಕದೆದುರು ಸೋತು ಬೆಳ್ಳಿ. 2012ರಲ್ಲಿ ಲಂಡನ್‌ನಲ್ಲಿ ದೇಶದ ಧ್ವಜ ಹಿಡಿದು ನಡೆದ ಗೌರವ ಮತ್ತು ಕಂಚು. ನಡುವೆ 2006ರಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಅಮೆರಿಕದ ವೃತ್ತಿಪರ ಲೀಗಿನಲ್ಲಿ ಸಿಯಾಟಲ್ ಸ್ಟಾರ್ಮ್ ತಂಡಕ್ಕೆ ಆಡಿ, 2003, 2007, 2010ರಲ್ಲಿ ಮೂರು ಬಾರಿ ಅತ್ಯಂತ ಮೌಲ್ಯಯುತ ಆಟಗಾರ್ತಿ ಎನಿಸಿಕೊಂಡರು. ಆದರೆ ಮೊಣಕಾಲು ಕೈಕೊಟ್ಟಿತು. 2016ರಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ, ನಿವೃತ್ತಿ ಘೋಷಿಸಬೇಕಾಯಿತು. ಅನಂತರ ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಕಥೆ ಅಲ್ಲಿಗೆ ಮುಗಿದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. 2022ರಲ್ಲಿ ಅವರು ತಮ್ಮ ಊರಿನ ತಂಡದಲ್ಲೇ ಮತ್ತೆ ಆಡತೊಡಗಿದರು. ಅಲ್ಲಿಂದ ರಾಷ್ಟ್ರತಂಡಕ್ಕೆ ಕರೆ ಬಂದಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಅವರಿಗೆ ಐದನೆಯದು. ನಲವತ್ತಮೂರರ ವಯಸ್ಸಿನಲ್ಲಿ ಮತ್ತೊಂದು ಕಂಚು ಕೊರಳಿಗೇರಿತು. ಹಿಂದಿನಷ್ಟು ಹೊತ್ತು ಅಂಗಣದಲ್ಲಿ ಇರಲಿಲ್ಲ; ಬಹುಪಾಲು ಬೆಂಚಿನಲ್ಲಿ ಕುಳಿತು ಕಿರಿಯರನ್ನು ಹುರಿದುಂಬಿಸಿದರು. ನನಗೆ ಹಿಡಿಸಿದ್ದು ಅದೇ. ಹಿಂದಿನ ಶಕ್ತಿಯಿಲ್ಲವೆಂದು ಅವರು ಆಟದಿಂದ ದೂರ ಉಳಿಯಲಿಲ್ಲ.

ಅವರೆಲ್ಲಿ, ನಾನೆಲ್ಲಿ! ಹೋಲಿಸಿಕೊಳ್ಳುವ ಧಾರ್ಷ್ಟ್ಯ ನನಗಿಲ್ಲ. ಆದರೆ ನನ್ನ ಮಗಳು ತಾಯಿ ಆಡಿದ್ದನ್ನು ಒಮ್ಮೆಯೂ ಕಂಡವಳಲ್ಲ. ಮಹೋತ್ಸವದ ಅಂಗವಾಗಿ ಹಳೆ ವಿದ್ಯಾರ್ಥಿನಿಯರ ತ್ರೋಬಾಲ್ ಪಂದ್ಯವಿದೆಯೆಂದು ಅದೇ ಪತ್ರದಲ್ಲಿ ಬರೆದಿದೆ. ಎರಡು ದಿನ ಯೋಚಿಸಿ, ಮೂರನೆಯ ದಿನ ಹೆಸರು ಕೊಟ್ಟಿದ್ದೇನೆ. ಚೆಂಡು ಕೈತಪ್ಪಿದರೆ ಗೆಳತಿಯರು ನಗಲಿ. ಬೇಲಿಯ ಬದಿಯಲ್ಲಿ ನನ್ನ ಮಗಳು ನಿಂತಿರುತ್ತಾಳೆ.