ಗುಟ್ಟಿನ ಕೌದಿ



ಕಳೆದ ಚಳಿಗಾಲದಲ್ಲಿ, ಪರದೇಶದಲ್ಲಿರುವ ನನ್ನ ಮೊಮ್ಮಗಳು ಒಂದು ಪ್ರಶ್ನೆಯನ್ನು ಬರೆದು ಕೇಳಿದಳು. ಅಲ್ಲಿಯ ಹೆಂಗಸರು ಕೂಡಿಕೊಂಡು ತುಂಡುಬಟ್ಟೆಗಳಿಂದ ಒಂದು ಬಗೆಯ ಕೌದಿಯನ್ನು ಹೊಲಿಯುವರಂತೆ. ಅದರ ಚಿತ್ತಾರವು ಕಡೆಯವರೆಗೂ ಗುಟ್ಟಾಗಿರುವುದು. ತಿಳಿಬಣ್ಣದವು ಇಷ್ಟು, ದಟ್ಟಬಣ್ಣದವು ಇಷ್ಟು ಕತ್ತರಿಸಿರೆಂದು ಹಂತಹಂತವಾಗಿ ಸೂಚನೆ ಬರುವುದು. “ಏನಾಗುವುದೆಂದು ತಿಳಿಯದೆ ಬಣ್ಣವನ್ನು ಆರಿಸುವುದು ಹೇಗೆ, ಆಯಿ?” ಎಂಬುದು ಅವಳ ಪ್ರಶ್ನೆ. ಇದರ ಉತ್ತರವನ್ನು ನಾನು 1958ನೆಯ ಇಸವಿಯಲ್ಲಿ ನಮ್ಮ ಶಾಲೆಯ ಹೊಲಿಗೆಯ ವರ್ಗದಲ್ಲಿಯೇ ಕಲಿತಿದ್ದೆನು. ಆದುದರಿಂದ ಆ ಸಂಗತಿಯನ್ನು ಈ ಸ್ಮರಣ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತೇನೆ.

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಕೌದಿಯು ಹೊಸದಲ್ಲ. ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಹರಕು ಬಟ್ಟೆಗಳನ್ನು ಪದರು ಪದರಾಗಿ ಹರಡಿ, ಅಂಚಿನಿಂದ ನಡುವಿನತ್ತ ಸುತ್ತುತ್ತ ಸಾಲುಹೊಲಿಗೆ ಹಾಕುವರು. ನಕ್ಷೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ವಾಡಿಕೆಯಿಲ್ಲ. ಗಂಟು ಬಿಚ್ಚಿದಾಗ ಕೈಗೆ ಬಂದ ತುಂಡೇ ಮುಂದಿನ ಬಣ್ಣ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹೀಗೆಯೇ ಮೂಲೆಯಿಂದ ಮೊದಲಾಗಿ ನಡುವಿಗೆ ಬರುವುದು. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೂವುಗಳನ್ನಿಡುವುದು ಅವರ ರೂಢಿ. ಹೀಗಿರುವಾಗ ನಮ್ಮ ಕೌದಿಗಳೆಲ್ಲ ಒಂದು ರೀತಿಯಲ್ಲಿ ಗುಟ್ಟಿನ ಕೌದಿಗಳೇ ಸರಿ.

ಆ ವರ್ಷ ನಮ್ಮ ವರ್ಗದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ಬಂದು ಬೋರ್ಡಿಂಗಿನಲ್ಲಿ ಇರತಕ್ಕ 12 ಜನ ಹುಡುಗಿಯರಿದ್ದೆವು. ದೀಪಾವಳಿಯ ರಜೆಗೆ ಹೊರಟಾಗ ಹೊಲಿಗೆಯ ಬಾಯಿಯವರು, “ಮನೆಯಿಂದ ಹಳೆಯ ಬಟ್ಟೆಯ ತುಂಡುಗಳನ್ನು ತನ್ನಿರಿ, ತಿಳಿಯವೂ ಇರಲಿ, ದಟ್ಟವೂ ಇರಲಿ. ಏನು ಮಾಡುವೆವೆಂದು ಈಗ ಕೇಳಬೇಡಿರಿ,” ಎಂದು ಅಪ್ಪಣೆ ಮಾಡಿದರು.

ರಜೆ ಮುಗಿದ ಮೇಲೆ ಗಂಟುಗಳನ್ನು ಬಿಚ್ಚಿದೆವು. ಎರೆಹೊಲದ ಬೈಲಹೊಂಗಲದ ಕಡೆಯ ಧೋತರಗಳು ಎಷ್ಟು ಒಗೆದರೂ ಬೂದುಬಣ್ಣ ಬಿಟ್ಟಿರಲಿಲ್ಲ. ಕಿತ್ತೂರ ಕಡೆಯ ಬಿಳಿಯ ಬಟ್ಟೆಗೆ ಕೆಮ್ಮಣ್ಣಿನ ಛಾಯೆಯಿತ್ತು. ಸವದತ್ತಿಯ ಗೆಳತಿಯ ಗಂಟಿನಲ್ಲಿ ಅರಿಷಿಣ ಬಣ್ಣವೇ ಹೆಚ್ಚು. ರಾಮದುರ್ಗದವಳು ಕೈಮಗ್ಗದ ಸೀರೆಯ ತುಂಡುಗಳನ್ನು ತಂದಿದ್ದಳು. ಇಳಕಲ್ಲ ಸೀರೆಯ ದಾಳಿಂಬ ಕೆಂಪು, ಗುಳೇದಗುಡ್ಡದ ಖಣದ ಗಿಳಿಹಸುರು ಎಲ್ಲರಲ್ಲಿಯೂ ಅಷ್ಟಿಷ್ಟು ಇದ್ದವು.

ನನ್ನ ಗಂಟಿನ ತಳದಲ್ಲಿ ಆಯಿಯು ಒಂದು ಮೊಳದಷ್ಟು ಕಪ್ಪು ಬಟ್ಟೆಯನ್ನು ಮಡಿಸಿ ಇಟ್ಟಿದ್ದಳು. ಅದು ನನ್ನ ಅವ್ವನ ಚಂದ್ರಕಾಳಿ ಸೀರೆಯ ತುಂಡು. ಅವ್ವ ತೀರಿಕೊಂಡು ಎರಡು ವರ್ಷಗಳಾಗಿದ್ದವು. ನಾನು ಅದನ್ನು ಯಾರಿಗೂ ತೋರಿಸದೆ ಟ್ರಂಕಿನಲ್ಲಿ ಪುಸ್ತಕಗಳ ಕೆಳಗೆ ಸೇರಿಸಿ, “ನನ್ನಲ್ಲಿ ದಟ್ಟ ಬಣ್ಣದ ಬಟ್ಟೆಯಿಲ್ಲ,” ಎಂದು ಬಾಯಿಯವರಿಗೆ ಸುಳ್ಳು ಹೇಳಿದೆನು.

ಮೊದಲನೆಯ ವಾರ ಬಟ್ಟೆಗಳ ಪರೀಕ್ಷೆಯಾಯಿತು. ಪ್ರತಿಯೊಂದು ತುಂಡನ್ನು ತೋಯಿಸಿ ಬಿಳಿಯ ಬಟ್ಟೆಯೊಳಗೆ ಒತ್ತಿ, ಬಣ್ಣ ಬಿಡುವುದನ್ನು ಬೇರೆ ತೆಗೆದಿರಿಸಿದೆವು. ಗಿರಣಿಯ ಹೊಸ ಬಟ್ಟೆಯು ಮೊದಲ ಒಗೆತಕ್ಕೆ ಕುಗ್ಗುವುದರಿಂದ ಅದನ್ನು ನೆನೆಸಿ ಒಣಗಿಸಿದೆವು. ಸಂಜೆ ದೀಪ ಹಚ್ಚುವ ಮುಂಚೆ ಬಾಯಿಯವರು ಎಲ್ಲ ತುಂಡುಗಳನ್ನು ಜಮಖಾನೆಯ ಮೇಲೆ ಹರಡಿಸಿ, ಮಬ್ಬು ಬೆಳಕಿನಲ್ಲಿ ಕಣ್ಣನ್ನು ಅರೆಮುಚ್ಚಿ ನೋಡಹೇಳಿದರು. ಹಗಲಿನಲ್ಲಿ ಎಲ್ಲಕ್ಕಿಂತ ಹೊಳೆಯುತ್ತಿದ್ದ ದಾಳಿಂಬ ಕೆಂಪು ಆಗ ಕಪ್ಪಾಗಿ ಕಂಡಿತು. ಮಾಸಿದ ನೀಲಿಯು ಇನ್ನೂ ಬೆಳ್ಳಗೆ ತೋರುತ್ತಿತ್ತು. ಬೆಳಕು ಕುಂದಿದಂತೆ ನಮ್ಮ ಕಣ್ಣಿಗೆ ಕೆಂಪು ಬಣ್ಣವು ಮೊದಲು ಅಡಗುವುದೆಂದು ಅಂದು ತಿಳಿದೆವು. ಬಣ್ಣದ ಹೊಳಪು ಬೇರೆ, ಅದರ ತಿಳಿತನ ಬೇರೆ.

ಅನಂತರ ಒಬ್ಬೊಬ್ಬರು 4 ಅಂಗುಲದ 16 ಚೌಕಗಳನ್ನು ಸಿದ್ಧಪಡಿಸಿದೆವು: ಪೂರಾ ತಿಳಿಯವು 4; ಕರ್ಣಕ್ಕೆ ಜೋಡಿಸಿದ ಅರ್ಧ ತಿಳಿ, ಅರ್ಧ ದಟ್ಟದವು 8; ಪೂರಾ ದಟ್ಟದವು 4. ನಾನು ದಟ್ಟಕ್ಕೆ ಬದಲಾಗಿ ಕುಸುಬಿಯ ಹೂವಿನ ಬಣ್ಣವನ್ನೂ ಎಳೆಹಸುರನ್ನೂ ಹಾಕಿದೆನು. ಬಾಯಿಯವರು ಅದನ್ನು ಕಂಡರೂ ಏನೂ ಅನ್ನಲಿಲ್ಲ.

ಕಡೆಯ ವಾರ 16 ಚೌಕಗಳನ್ನು ನಾಲ್ಕು ನಾಲ್ಕರಂತೆ ಜೋಡಿಸಿದಾಗ ಗುಟ್ಟು ಬಯಲಾಯಿತು. ನಡುವಿನ ನಾಲ್ಕು ತಿಳಿಯ ಚೌಕಗಳ ಸುತ್ತ ಅರೆಚೌಕಗಳೆಲ್ಲ ಕಿರಣಗಳಾಗಿ, ದಟ್ಟವಾದ ಬಾನಿನ ನಡುವೆ ಎಂಟು ಮೊನೆಗಳ ನಕ್ಷತ್ರ ಮೂಡಿತು! ಹನ್ನೊಂದು ನಕ್ಷತ್ರಗಳು ನೆಲದ ಮೇಲೆ ಸಾಲಾಗಿದ್ದವು. ನನ್ನದರಲ್ಲಿ ಚೆಲುವಾದ ಬಣ್ಣಗಳಿದ್ದವು, ನಕ್ಷತ್ರವಿರಲಿಲ್ಲ. ಗೆಳತಿಯರು ನಕ್ಕರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆನು.

ಮರುದಿನ ಭಾನುವಾರ, ಆಯಿಯು ರೊಟ್ಟಿಯ ಗಂಟನ್ನು ಹೊತ್ತುಕೊಂಡು ನನ್ನನ್ನು ನೋಡಲು ಬಂದಳು. ಬೇವಿನ ಮರದ ಕೆಳಗೆ ಕುಳಿತು ನಾನು ಅಳುತ್ತ ಎಲ್ಲವನ್ನೂ ಹೇಳಿ, “ಅವ್ವನ ಸೀರಿಗೆ ಕತ್ತರಿ ಹ್ಯಾಂಗ ಹಚ್ಚಲಿ, ಆಯಿ?” ಎಂದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ನಾ ಹಚ್ಚಲಿಲ್ಲೇನವಾ? ಆಕಿ ನನ್ನ ಮಗಳು. ಟ್ರಂಕಿನ್ಯಾಗ ಇಟ್ರ ನುಸಿ ತಿಂತಾವ. ಕೌದ್ಯಾಗ ಹಾಕಿದ್ರ ಯಾರರೆ ಹೊಚ್ಚಿಗೊಂತಾರ,” ಎಂದಳು. ಆ ಮೊಳದ ತುಂಡನ್ನು ಸೀರೆಯಿಂದ ಕತ್ತರಿಸಿದ ಕೈ ಅವಳದೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ನನ್ನ ದುಃಖವೊಂದೇ ದುಃಖವೆಂದು ನಾನು ಭಾವಿಸಿದ್ದೆನು.

ಸೋಮವಾರ ನಾನು ಬಾಯಿಯವರ ಬಳಿಗೆ ಹೋಗಿ ಸುಳ್ಳನ್ನು ಒಪ್ಪಿಕೊಂಡೆನು. ಅವರು ಗದರಿಸದೆ, ನನ್ನ ಪಕ್ಕದಲ್ಲಿ ಕುಳಿತು ಹೊಲಿಗೆಯನ್ನು ಬಿಚ್ಚುವುದಕ್ಕೆ ನೆರವಾದರು. ಅಳತೆ ಹಾಕಿ ಕತ್ತರಿಸಿದಾಗ ಕಪ್ಪು ಬಟ್ಟೆಯಲ್ಲಿ ಬೆರಳಗಲದ ಅಂಚೊಂದು ಉಳಿಯಿತು. ನನ್ನ ನಕ್ಷತ್ರ ಮೂಡಿತು. ತಿಳಿಯ ಭಾಗದಲ್ಲಿ ಇದ್ದುದು ಅಪ್ಪನ ಹಳೆಯ ಧೋತರದ ಬೂದು ಬಟ್ಟೆ. ಆ ಕಪ್ಪಿನ ಪಕ್ಕದಲ್ಲಿ ಅದು ಬೆಳ್ಳಿಯಂತೆ ತೋರಿತು.

12 ನಕ್ಷತ್ರಗಳ ಆ ಕೌದಿಯನ್ನು ಬೋರ್ಡಿಂಗಿನ ಬೇನೆಯವರ ಕೋಣೆಗೆ ಕೊಟ್ಟೆವು. ಮುಂದಿನ ಮಳೆಗಾಲದಲ್ಲಿ ನನಗೇ ಜ್ವರ ಬಂದಿತು. ರಾತ್ರಿ ದೀಪ ಆರಿಸಿದ ಮೇಲೆ ಬಣ್ಣವಾವುದೂ ಕಾಣುತ್ತಿರಲಿಲ್ಲ. ಆದರೂ ಬೆರಳಿನಿಂದ ತಡವಿ, ಎಲ್ಲಕ್ಕಿಂತ ಮೆತ್ತಗಿದ್ದ ಆ ತುಂಡುಗಳನ್ನು ಗುರುತಿಸಿ, ಅದೇ ಮೂಲೆಯನ್ನು ಗಲ್ಲದ ಕೆಳಗೆ ಎಳೆದುಕೊಂಡು ಮಲಗಿದೆನು. ಟ್ರಂಕಿನಲ್ಲಿಯೇ ಇಟ್ಟಿದ್ದರೆ ಆ ರಾತ್ರಿ ಅವ್ವನ ಸೀರೆಯು ನನ್ನ ಮೈಮೇಲೆ ಇರುತ್ತಿರಲಿಲ್ಲ. ಹಲವು ವರ್ಷ ಎಷ್ಟೋ ಮಕ್ಕಳು ಹೊದೆದು ಆ ಕೌದಿಯು ಸವೆದುಹೋಯಿತು. ಅದಕ್ಕಾಗಿ ನನಗೆ ವ್ಯಸನವಿಲ್ಲ.

ಮೊಮ್ಮಗಳಿಗೆ ನಾನು ಹೀಗೆ ಬರೆದೆನು: “ಬಟ್ಟೆಯನ್ನು ಮೊದಲು ತೋಯಿಸಿ ನೋಡು. ಸಂಜೆಯ ಮಬ್ಬಿನಲ್ಲಿ ತಿಳಿಯದನ್ನೂ ದಟ್ಟದ್ದನ್ನೂ ಬೇರೆ ಮಾಡು. ಚೆಲುವಾದುವನ್ನೇ ಆರಿಸಬೇಡ, ಮಾಸಿದುದಕ್ಕೂ ಕಪ್ಪಿಗೂ ಸ್ಥಳವಿರಲಿ. ಕತ್ತರಿ ಹಚ್ಚಲು ಮನಸ್ಸು ಬಾರದ ಬಟ್ಟೆಯೊಂದು ನಿನ್ನಲ್ಲಿದ್ದರೆ, ಅದನ್ನೂ ಹೊರಗೆ ತೆಗೆ.” ಪತ್ರದೊಳಗೆ ಆ ಬೆರಳಗಲದ ಕಪ್ಪು ಅಂಚನ್ನು ಇಟ್ಟು ಕಳುಹಿಸಿದೆನು. ಅದನ್ನು ನಡುವಿನ ನಕ್ಷತ್ರಕ್ಕೆ ಸೇರಿಸಿರುವುದಾಗಿ ಅವಳಿಂದ ಉತ್ತರ ಬಂದಿದೆ.