ಎರಡಕ್ಕೆ ಒಲೆ ಆರಿಸುವ ಊರು

ಕನ್ನಡಿಗರ ಬಾಯಲ್ಲಿ ಹೋಟೆಲ್ ಎಂದರೆ ಇಡ್ಲಿ, ವಡೆ, ಬೈಟು ಕಾಫಿ. ರಾತ್ರಿ ಉಳಿಯಬೇಕಾದರೆ ಹುಡುಕುವುದು ಲಾಡ್ಜನ್ನು. ಈ ರೂಢಿಯನ್ನು ಗಂಟುಕಟ್ಟಿಕೊಂಡು ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಪಟ್ಟಣದಲ್ಲಿ ಇಳಿದವರ ಪಾಡು ಸ್ವಲ್ಪ ಫಜೀತಿಯದೇ. ‘ಒತೆಲ್ ದ ವಿಲ್’ ಎಂಬ ಫಲಕ ಕಂಡು ಒಳಗೆ ಹೋದರೆ ಎದುರಾಗುವುದು ಪುರಸಭೆಯ ಕಚೇರಿ. ‘ಒತೆಲ್-ದ್ಯೂ’ ಎಂಬಲ್ಲಿ ಕಾಲಿಟ್ಟರೆ ಹಳೆಯ ಆಸ್ಪತ್ರೆ. ಪದಶಃ ಅರ್ಥ ಮಾಡಿದರೆ ಅದು ‘ದೇವರ ಮನೆ’. ದೇವರ ಮನೆ ಎಂದೊಡನೆ ನಂದಾದೀಪ, ಊದುಬತ್ತಿ ನೆನಪಾಗುವುದು ಸಹಜ. ಅಲ್ಲಿ ಮಾತ್ರ ಸಾಲು ಸಾಲು ಮಂಚಗಳು.

ಮಂಚಗಳೇನೋ ಸೊಗಸಾಗಿವೆ. 1443ರಲ್ಲಿ ಬರ್ಗಂಡಿಯ ಡ್ಯೂಕನ ಮಂತ್ರಿ ನಿಕೊಲಾ ರೊಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಲಾಂ ಈ ಆಸ್ಪತ್ರೆಯನ್ನು ಬಡವರಿಗಾಗಿ ಸ್ಥಾಪಿಸಿದರು. ಮೊದಲ ರೋಗಿ ಬಂದದ್ದು 1452ರ ಜನವರಿ 1ರಂದು. ಬೀದಿಯಿಂದ ನೋಡಿದರೆ ಬೂದುಬಣ್ಣದ ಗಂಭೀರ ಕಟ್ಟಡ. ಒಳಗಿನ ಅಂಗಳಕ್ಕೆ ಬಂದರೆ ಕೆಂಪು, ಹಳದಿ, ಹಸಿರು, ಕಂದು ಮೆರುಗಿನ ಹೆಂಚುಗಳು ಮಾಡಿನ ಮೇಲೆ ಇಳಕಲ್ ಸೀರೆಯ ಸೆರಗಿನಂತೆ ಹರಡಿಕೊಂಡಿರುತ್ತವೆ. ದೊಡ್ಡ ವಾರ್ಡಿನಲ್ಲಿ ಕೆಂಪು ಪರದೆಯ ಮಂಚಗಳು ಎರಡು ಸಾಲಾಗಿ ನಿಂತಿವೆ. ಆಗ ಒಂದೊಂದರಲ್ಲೂ ಇಬ್ಬಿಬ್ಬರು ರೋಗಿಗಳು. ರೊಲಾಂ ಬದುಕಿನುದ್ದಕ್ಕೂ ಎಷ್ಟೊಂದು ಜನರನ್ನು ಬಡವರನ್ನಾಗಿಸಿದನೆಂದರೆ, ಅವರಿಗೊಂದು ಸೂರು ಕಟ್ಟಿಸಿದ್ದು ನ್ಯಾಯವೇ ಆಯಿತು ಎಂದು ದೊರೆ ಹನ್ನೊಂದನೆಯ ಲೂಯಿ ಕುಟುಕಿದನೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಅದೇನೇ ಇರಲಿ, 1971ರವರೆಗೂ ಇಲ್ಲಿ ರೋಗಿಗಳಿದ್ದರು. ಈ ಊರಿನಲ್ಲಿ ಐದು ಶತಮಾನ ಕಾಲ ಅತ್ಯಂತ ಚೆಂದದ ಸೂರಿನ ಕೆಳಗೆ ಮಲಗಿದವರು ಕಾಸಿಲ್ಲದವರು.

ಖರ್ಚು ತೂಗಿಸಿದ್ದು ದ್ರಾಕ್ಷಿ. ದಾನಿಗಳು ಉಯಿಲು ಬರೆದು ಕೊಟ್ಟ ತೋಟಗಳು ಸೇರಿ ಸೇರಿ ಈಗ ಆಸ್ಪತ್ರೆಯ ಹೆಸರಿನಲ್ಲಿ ಸುಮಾರು 60 ಹೆಕ್ಟೇರ್ ಇವೆ. ಅವುಗಳ ವೈನನ್ನು 1859ರಿಂದ ನವೆಂಬರಿನ ಮೂರನೆಯ ಭಾನುವಾರ ಹರಾಜು ಹಾಕುತ್ತಾರೆ. ಬಾಟಲಿ ಲೆಕ್ಕದಲ್ಲಲ್ಲ, 228 ಲೀಟರಿನ ಓಕ್ ಪೀಪಾಯಿಯ ಲೆಕ್ಕದಲ್ಲಿ. 2022ರಲ್ಲಿ ಧರ್ಮಕಾರ್ಯಕ್ಕೆಂದು ಮೀಸಲಿಟ್ಟ ಒಂದೇ ಒಂದು ಪೀಪಾಯಿ 8,10,000 ಯೂರೊಗೆ ಹೋಯಿತು. ಆ ವಾರಾಂತ್ಯ ಬೋನಿನಲ್ಲಿ ಕೋಣೆ ಸಿಗುವುದೆಂದರೆ ದಸರೆಯ ದಿನ ಮೈಸೂರಿನಲ್ಲಿ ಕೋಣೆ ಸಿಕ್ಕ ಹಾಗೆ. ತಿಂಗಳುಗಟ್ಟಲೆ ಮೊದಲೇ ಕಾದಿರಿಸದಿದ್ದವರು 40 ಕಿಲೋಮೀಟರ್ ದೂರದ ದಿಜೋನಿನಲ್ಲಿ ತಂಗಿ, ರೈಲು ಹಿಡಿದು ಬರುವುದೇ ಲೇಸು.

ಉಳಿದ ದಿನಗಳಲ್ಲಿ ಬಂದವರು ತಾರೆಗಳ ಎಣಿಕೆ ಬಿಟ್ಟು ಹಳ್ಳಿಯ ಕಡೆ ನಡೆಯಬೇಕು. ವೈನ್ ಮಾಡುವವರ ಮನೆಯಲ್ಲೇ ಬಾಡಿಗೆಗೆ ಸಿಗುವ ಕೋಣೆಗೆ ‘ಶಾಂಬ್ರ್ ದೋತ್’ ಎನ್ನುತ್ತಾರೆ. ಫ್ರೆಂಚ್ ಕಾನೂನಿನ ಪ್ರಕಾರ ಒಂದು ಮನೆಯಲ್ಲಿ ಇಂಥ ಕೋಣೆ ಐದಕ್ಕಿಂತ ಹೆಚ್ಚು ಇರುವಂತಿಲ್ಲ, ತಂಗುವವರು ಹದಿನೈದು ಜನರನ್ನು ಮೀರುವಂತಿಲ್ಲ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು. ಕೊಡಗಿನ ಹೋಂಸ್ಟೇ ಕಂಡವರಿಗೆ ಇದು ಹೊಸತೆನಿಸದು. ಕೆಲವು ಮನೆಗಳಲ್ಲಿ ‘ತಾಬ್ಲ್ ದೋತ್’, ಅಂದರೆ ರಾತ್ರಿಯೂಟವೂ ಉಂಟು. ಅಲ್ಲಿ ಮಾಡಿದ್ದನ್ನು ಉಣ್ಣಬೇಕು. ಎಲ್ಲರಿಗೂ ಒಂದೇ ಅಡುಗೆ, ಒಂದೇ ಉದ್ದದ ಮೇಜು. ಅತ್ತ ಬೆಲ್ಜಿಯಂ ದಂಪತಿ, ಇತ್ತ ಮನೆಯ ಯಜಮಾನ, ನಡುವೆ ಬೆಂಗಳೂರಿನಿಂದ ಬಂದವರು. ಫ್ರೆಂಚಿನಲ್ಲಿ ‘ಓತ್’ ಎಂಬ ಒಂದೇ ಪದ ಅತಿಥಿಗೂ ಆತಿಥೇಯನಿಗೂ ಸಲ್ಲುತ್ತದೆ. ಕರೆದವರು ಯಾರು, ಬಂದವರು ಯಾರು ಎಂಬುದನ್ನು ಸಂದರ್ಭ ನೋಡಿ ತಿಳಿಯಬೇಕು. ಮೂರನೆಯ ಲೋಟದ ಹೊತ್ತಿಗೆ ಅದೂ ಕಷ್ಟ.

ಊಟದ ವಿಷಯದಲ್ಲಿ ಊರು ಸಡಿಲ ಬಿಡುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಎರಡು. ಎರಡೂ ಕಾಲಿಗೆ ಬಾಗಿಲು ತಟ್ಟಿದರೆ ಕುರ್ಚಿಗಳು ಖಾಲಿ ಇರುತ್ತವೆ, ಒಳಗಿನಿಂದ ಬೆಣ್ಣೆಯ ವಾಸನೆ ಬರುತ್ತಿರುತ್ತದೆ, ಅಡುಗೆಮನೆ ಮಾತ್ರ ಮುಚ್ಚಿರುತ್ತದೆ. ಮತ್ತೆ ಒಲೆ ಹೊತ್ತುವುದು ಸಂಜೆ ಏಳರ ಮೇಲೆ. ಬೆಂಗಳೂರಿನ ದರ್ಶಿನಿಗಳ ಅಭ್ಯಾಸದ ಹೊಟ್ಟೆಗೆ ಇದು ಶಿಕ್ಷೆಯಂತೆ ಕಂಡೀತು. ಆದರೆ ಅಡುಗೆಯವನೂ ಊಟ ಮಾಡಬೇಕಲ್ಲ!

ಒಳಗೆ ಹೋದಮೇಲೂ ಪದಗಳ ಚೇಷ್ಟೆ ಮುಗಿಯುವುದಿಲ್ಲ. ಬೋರ್ಡಿನ ಮೇಲೆ ‘ಮೆನು’ ಎಂದಿದ್ದರೆ ಅದು ತಿಂಡಿಗಳ ಪಟ್ಟಿಯಲ್ಲ. ನಿಗದಿತ ಬೆಲೆಗೆ ಮೂರೋ ನಾಲ್ಕೋ ಬಡಿಸುವ ಪೂರ್ತಿ ಊಟ, ನಮ್ಮ ‘ಮೀಲ್ಸ್’ ಇದ್ದ ಹಾಗೆ. ಪಟ್ಟಿ ಬೇಕಾದರೆ ‘ಕಾರ್ತ್’ ಕೇಳಬೇಕು. ಜೇಬು ನೋಡಿ ನಡೆಯುವವರಿಗೆ ಮಧ್ಯಾಹ್ನದ ಮೆನುವೇ ಲಾಭ; ರಾತ್ರಿ ಕೈಗೆ ಎಟುಕದ ಎಷ್ಟೋ ಹೆಸರಾಂತ ಅಡುಗೆಮನೆಗಳು ಮಧ್ಯಾಹ್ನ ಒಂದಿಷ್ಟು ಮೆತ್ತಗಾಗುತ್ತವೆ. ‘ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ಬಿಟ್ಟಿ ಬರುತ್ತದೆ. ಬ್ರೆಡ್ಡಿಗೂ ದುಡ್ಡಿಲ್ಲ. ಅದನ್ನು ತಟ್ಟೆಯಲ್ಲಿಡದೆ ನೇರವಾಗಿ ಮೇಜಿನ ಬಟ್ಟೆಯ ಮೇಲೆ ಇಟ್ಟುಕೊಳ್ಳುವುದು ಅಲ್ಲಿನ ವಾಡಿಕೆ. ಎಂಜಲು-ಮುಸುರೆಯ ಮನೆಯಲ್ಲಿ ಬೆಳೆದವರ ಕೈ ಒಂದು ಕ್ಷಣ ಹಿಂಜರಿಯುತ್ತದೆ.

ಮೊದಲು ಬರುವ ತಟ್ಟೆಗಳಲ್ಲಿ ಈ ಸೀಮೆಯ ಗುರುತು ಹೇಳುವುದು ‘ಅ ಆನ್ ಮರೆತ್’. ಕೆಂಪು ವೈನನ್ನು ಸಣ್ಣ ಈರುಳ್ಳಿ, ಅಣಬೆ, ಹಂದಿಮಾಂಸದ ಚೂರುಗಳೊಂದಿಗೆ ಕುದಿಸಿ ಕುದಿಸಿ ಬತ್ತಿಸುತ್ತಾರೆ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿದ ಆ ಸಾರಿನಲ್ಲಿ ಸಿಪ್ಪೆಯಿಲ್ಲದೆ ಬೇಯಿಸಿದ ಎರಡು ಮೊಟ್ಟೆ, ಪಕ್ಕದಲ್ಲಿ ಬೆಳ್ಳುಳ್ಳಿ ಉಜ್ಜಿ ಸುಟ್ಟ ಬ್ರೆಡ್ಡು. ಚಮಚೆ ತಾಗಿಸಿದರೆ ಸಾಕು, ಹಳದಿ ಒಡೆದು ಗಾಢ ಸಾರಿನೊಳಗೆ ನಿಧಾನವಾಗಿ ಹರಿಯುತ್ತದೆ. ಹುಳಿ, ಉಪ್ಪು, ಜಿಡ್ಡು ಮೂರೂ ಸೇರಿದಾಗ, ಗಂಟೆಗಟ್ಟಲೆ ವೈನ್ ಪಾಠ ಕೇಳಿ ತಿಳಿಯದ್ದು ಒಂದೇ ತುತ್ತಿಗೆ ತಿಳಿಯುತ್ತದೆ. ಮೊಟ್ಟೆಯಷ್ಟೇ ತಿನ್ನುವವರು ಮಾಂಸದ ಚೂರುಗಳ ಬಗ್ಗೆ ಮೊದಲೇ ವಿಚಾರಿಸಬೇಕು. ಪೂರ್ತಿ ಸಸ್ಯಾಹಾರಿಗಳಿಗೆ ಬರ್ಗಂಡಿ ಉದಾರವಾದ ಸೀಮೆಯೇನಲ್ಲ. ಬಸವನಹುಳು, ವೈನಿನಲ್ಲಿ ಬೆಂದ ಗೋಮಾಂಸ, ಬ್ರೆಸ್ ಕೋಳಿ ಇವೇ ಅಲ್ಲಿನ ಹೆಮ್ಮೆ. ಅಂಥವರು ಕೋಣೆ ಕಾದಿರಿಸುವಾಗಲೇ ಒಂದು ಸಾಲು ಬರೆದರೆ ಮನೆಯಾಕೆ ಏನಾದರೂ ದಾರಿ ಮಾಡುತ್ತಾಳೆ. ಹೊತ್ತಿಗೆ ಸರಿಯಾಗಿ ಮೇಜಿಗೆ ಬಂದಾಗ ಹೇಳಿದರೆ ಹಸಿರು ಸೊಪ್ಪಿನ ಸಾಲಡ್ಡೇ ಗತಿ.

ಸಾಸಿವೆ ಮಾತ್ರ ಯಾರಿಗೂ ಮೋಸ ಮಾಡುವುದಿಲ್ಲ. ದಿಜೋನ್ ಸಾಸಿವೆಗೆ ಬಳಸುವುದು ಹೆಚ್ಚಾಗಿ ನಮ್ಮ ಒಗ್ಗರಣೆ ಡಬ್ಬಿಯಲ್ಲಿರುವ ಜಾತಿಯ ಕಾಳನ್ನೇ. ಇಲ್ಲಿ ಎಣ್ಣೆಯಲ್ಲಿ ಚಟಪಟ ಸಿಡಿಸಿ ಖಾರ ತೆಗೆದುಬಿಡುತ್ತೇವೆ. ಅಲ್ಲಿ ಹಸಿಯಾಗಿಯೇ ಹುಳಿನೀರಿನೊಡನೆ ಅರೆಯುತ್ತಾರೆ. ಮಲೆನಾಡಿನ ಹಾಗಲಕಾಯಿ ಸಾಸಿವೆ ಉಂಡವರಿಗೆ ಆ ಮೂಗಿಗೇರುವ ಗಮ್ಮತ್ತು ಪರಿಚಿತ. ಬೋನಿನ ಫಾಲೊ ಕಾರ್ಖಾನೆ 1840ರಿಂದ ಇದೆ. ಇಂದಿಗೂ ಬೀಸುಕಲ್ಲಿನಲ್ಲೇ ಅರೆಯುತ್ತದೆ. ತಮಾಷೆಯೆಂದರೆ ದಿಜೋನ್ ಸಾಸಿವೆಯ ಕಾಳು ಬಹುಪಾಲು ಬರುತ್ತಿದ್ದುದು ಕೆನಡಾದಿಂದ. 2021ರಲ್ಲಿ ಅಲ್ಲಿ ಬರ ಬಿದ್ದು, ಮರುವರ್ಷ ಫ್ರಾನ್ಸಿನ ಅಂಗಡಿಗಳಲ್ಲಿ ಸಾಸಿವೆಯ ಕಪಾಟುಗಳು ಬಿಕೋ ಎಂದವು.

ಇನ್ನು ವೈನ್ ಆರಿಸುವುದು. ಬೋನಿನಿಂದ ದಕ್ಷಿಣಕ್ಕೆ ಸಾಂತನೇವರೆಗೆ ತೋಟಗಳ ನಡುವೆ ಸುಮಾರು 22 ಕಿಲೋಮೀಟರಿನ ಸೈಕಲ್ ದಾರಿಯಿದೆ. ತುಳಿಯುತ್ತ ಹೋದರೆ ಪೊಮಾರ್, ವೊಲ್ನೇ, ಮರ್ಸೊ ಎಂಬ ಹಳ್ಳಿಗಳು ಬಾಟಲಿಯ ಚೀಟಿಯಿಂದ ಎದ್ದು ಬಂದ ಹಾಗೆ ಒಂದೊಂದಾಗಿ ಎದುರಾಗುತ್ತವೆ. ನೆಲ ಇಲ್ಲಿ ಎಷ್ಟು ಚೂರುಚೂರು ಎಂದರೆ, 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ‘ಕ್ಲಿಮಾ’ ಎಂಬ ತುಂಡುಗಳ ಸಂಖ್ಯೆ 1,247. ಸಿತೋ ಮಠದ ಸನ್ಯಾಸಿಗಳು ಗೋಡೆ ಕಟ್ಟಿ ಬೆಳೆಸಿದ ಕ್ಲೊ ದ ವೂಜೊ ತೋಟ 50 ಹೆಕ್ಟೇರ್. ಅದಕ್ಕೀಗ ಸುಮಾರು 80 ಮಂದಿ ಒಡೆಯರು. ಕ್ರಾಂತಿಯ ಸರ್ಕಾರ ಮಠದ ಆಸ್ತಿ ಮಾರಿತು, ನೆಪೋಲಿಯನ್ ಕಾಲದ ಕಾನೂನು ಮಕ್ಕಳಿಗೆಲ್ಲ ಸಮಪಾಲು ಹಂಚಿತು. ಭಾಗದ ಜಗಳದಲ್ಲಿ ಗದ್ದೆ ಅಂಗೈಯಗಲವಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ತೋಟದ ಹೆಸರೊಂದನ್ನೇ ನಂಬಿ ದುಡ್ಡು ಸುರಿಯುವುದು ಜಾಣತನವಲ್ಲ. ಬಡಿಸುವವನನ್ನು ಕೇಳಿ, ಹಳ್ಳಿಯ ಹೆಸರಿನ ಸಾಧಾರಣ ವೈನನ್ನು ಒಂದು ಲೋಟ ತರಿಸಿಕೊಳ್ಳುವುದು ವಾಸಿ.

ದೊಡ್ಡ ಬಾಟಲಿಗಳನ್ನು ಊರವರು ಪರಸ್ಪರರಿಗಾಗಿ ತೆಗೆದಿಡುತ್ತಾರೆ. ಹರಾಜಿನ ಮರುದಿನ, ಸೋಮವಾರ, ಮರ್ಸೊದಲ್ಲಿ ‘ಪೋಲೆ’ ಎಂಬ ಮಧ್ಯಾಹ್ನದೂಟ. ಕೊಯ್ಲು ಮುಗಿದಾಗ ಆಳು-ಒಡೆಯರು ಕೂಡಿ ಉಣ್ಣುತ್ತಿದ್ದ ಪದ್ಧತಿಯನ್ನು 1923ರಲ್ಲಿ ಜೂಲ್ ಲಫೋಂ ಮತ್ತೆ ಶುರುಮಾಡಿದ. ಊಟಕ್ಕೆ ಬಂದವರು ತಮ್ಮ ಬಾಟಲಿ ತಾವೇ ತರಬೇಕು, ಅಕ್ಕಪಕ್ಕದವರಿಗೆಲ್ಲ ಸುರಿಯಬೇಕು. ಮಧ್ಯಾಹ್ನದ ಊಟ ಎನ್ನುವುದು ಹೆಸರಿಗಷ್ಟೇ. ಏಳುವ ಹೊತ್ತಿಗೆ ಕತ್ತಲಾಗಿರುತ್ತದೆ.

ಪೋಲೆಗೆ ಕರೆಯಿಲ್ಲದ ಪ್ರವಾಸಿಯ ಕಷ್ಟ ಬೇರೆ. ಭಾನುವಾರ ರಾತ್ರಿ ಸಣ್ಣ ಊರುಗಳಲ್ಲಿ ಊಟದ ಮನೆಗಳು ಹೆಚ್ಚಿನವು ಮುಚ್ಚಿರುತ್ತವೆ, ಸೋಮವಾರವೂ ಅಷ್ಟೆ. ಅನುಭವಸ್ಥರು ಶನಿವಾರವೇ ಬೋನಿನ ಸಂತೆಗೆ ಹೋಗಿ ಉದ್ದನೆಯ ಬ್ರೆಡ್ಡು, ಒಂದಿಷ್ಟು ಹಣ್ಣು, ದುಂಡನೆಯ ಮರದ ಡಬ್ಬಿಯಲ್ಲಿ ಎಪ್ವಾಸ್ ಚೀಸು ತಂದಿಟ್ಟುಕೊಂಡಿರುತ್ತಾರೆ. ದ್ರಾಕ್ಷಿಯ ಚರಟದಿಂದ ಭಟ್ಟಿ ಇಳಿಸಿದ ಬ್ರಾಂದಿಯಲ್ಲಿ ತೊಳೆದು ತೊಳೆದು ಹದ ಮಾಡುವ ಈ ಚೀಸು ಎರಡನೇ ಮಹಾಯುದ್ಧದ ನಂತರ ಇನ್ನೇನು ಕಣ್ಮರೆಯಾಗುವುದರಲ್ಲಿತ್ತು. 1956ರಲ್ಲಿ ಬೆರ್ತೋ ದಂಪತಿ ಮತ್ತೆ ಮಾಡತೊಡಗಿ ಉಳಿಸಿದರು. ಡಬ್ಬಿ ತೆರೆದರೆ ಕಿತ್ತಳೆ ಬಣ್ಣದ, ಸುಕ್ಕುಗಟ್ಟಿದ, ಅಂಟಂಟಾದ ಸಿಪ್ಪೆ. ಅದನ್ನು ಕತ್ತರಿಸಿದರೆ ಒಳಗಿನದು ಬೆಚ್ಚಗಿನ ಕೋಣೆಯಲ್ಲಿ ಇಳಿದು ಹರಿಯುತ್ತದೆ, ಚಮಚೆಯಿಂದ ಎತ್ತಿ ಬ್ರೆಡ್ಡಿಗೆ ಸವರಬೇಕು. ರುಚಿ ಕೆನೆಯಷ್ಟು ಮೃದು. ವಾಸನೆ ಮಾತ್ರ ಮಳೆಯಲ್ಲಿ ನೆನೆದ ಬೂಟಿನದು. ನವೆಂಬರಿನ ಚಳಿಯಲ್ಲೂ ಕಿಟಕಿ ತೆರೆದಿಟ್ಟು, ಶಾಲು ಹೊದ್ದು ತಿನ್ನಬೇಕಾಗುತ್ತದೆ.