ಹಿತ್ತಲಿನ ಹಾಲಕ್ಕಿ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಗಾದೆ. ಹಿತ್ತಲ ಹಕ್ಕಿ ಹಕ್ಕಿಯೇ ಅಲ್ಲವೆಂಬುದು ನಮ್ಮಲ್ಲಿ ಬಹುಮಂದಿ ಗೃಹಸ್ಥರ ನಂಬಿಕೆ. ಹಕ್ಕಿಗಳನ್ನು ನೋಡಬೇಕಾದರೆ ರಂಗನತಿಟ್ಟಿಗೇ ಹೋಗಬೇಕು, ಕೊರಳಿಗೆ ದುರ್ಬೀನು ತೂಗಹಾಕಬೇಕು, ದೋಣಿಯಲ್ಲಿ ಕುಳಿತು ಉಸಿರು ಬಿಗಿಹಿಡಿಯಬೇಕು! ಮಾಸ್ತರಿಕೆ ಮಾಡುತ್ತಿದ್ದಷ್ಟು ಕಾಲ ನಾನೂ ಹಾಗೆಯೇ ತಿಳಿದಿದ್ದೆ. ನಿವೃತ್ತನಾದ ಮೇಲೆ ಬೇರೆ ಉದ್ಯೋಗವಿಲ್ಲದೆ, ಹೊಸ್ತಿಲ ಮೇಲೆ ಕೂಡಬಾರದೆಂಬ ಶಾಸ್ತ್ರವನ್ನೂ ಮೀರಿ, ಹಿತ್ತಲ ಬಾಗಿಲಲ್ಲಿ ಕುಳಿತುಕೊಳ್ಳತೊಡಗಿದೆ. ಆಗ ತಿಳಿಯಿತು, ಈ ಮನೆಗೆ ನಾನೊಬ್ಬನೇ ಯಜಮಾನನಲ್ಲವೆಂದು.

ನಮ್ಮದು ಕೊಪ್ಪಳದ ಕೋಟೆಯ ಗುಡ್ಡ ಕಾಣುವ ಒಂದು ಹಳೆಯ ಓಣಿ. 1997ರಲ್ಲಿ ಊರು ಜಿಲ್ಲಾಕೇಂದ್ರವಾದ ಮೇಲೆ ಓಣಿಯ ಹಿತ್ತಲುಗಳೆಲ್ಲ ಒಂದೊಂದಾಗಿ ಬಾಡಿಗೆಯ ಮನೆಗಳಾದವು. ನಮ್ಮದು ಉಳಿದದ್ದು ನನ್ನ ದೂರದೃಷ್ಟಿಯಿಂದಲ್ಲ, ಸೋಮಾರಿತನದಿಂದ. ಅದರಲ್ಲಿ ತಂದೆಯವರು ನೆಟ್ಟ ಒಂದು ಬೇವಿನ ಮರ, ಒಂದು ನುಗ್ಗೆ, ಕರಿಬೇವು, ಹಿಂದೆ ಎಮ್ಮೆ ನೀರು ಕುಡಿಯುತ್ತಿದ್ದ ಒಂದು ಕಲ್ಲಿನ ಬಾನಿ. ಎಮ್ಮೆ ಹೋಯಿತು, ಬಾನಿ ಉಳಿಯಿತು. ನಮ್ಮ ಸೀಮೆಯ ಬೇಸಗೆ ನಲವತ್ತು ಡಿಗ್ರಿ ಮುಟ್ಟಿದಾಗ ಆ ಬಾನಿಯೇ ಹಕ್ಕಿಗಳ ಸಂತೆ. ಗೊರವಂಕಗಳು ಸಾಹುಕಾರರಂತೆ ನಡೆದು ಬರುತ್ತವೆ. ಹರಟೆಮಲ್ಲಗಳು ಆರೇಳು ಒಟ್ಟಿಗೇ ಬಂದು, ಜಗಳವಾಡಿ, ಒಟ್ಟಿಗೇ ಹೋಗುತ್ತವೆ. ಪಿಕಳಾರ ಮಾತ್ರ ಮೀಯದೆ ನೀರು ಬಿಡುವುದಿಲ್ಲ. ಸಿಂಪಿಗ ಎಂಬ ಅಂಗೈಯಗಲದ ಹಕ್ಕಿ ಎಲೆಗೆ ಎಲೆ ಹೊಲಿದು ಗೂಡು ಕಟ್ಟುವುದನ್ನು ನೋಡಲು ನಾನು ಎರಡು ಹಗಲು ಊಟ ತಡಮಾಡಿ ಬೈಸಿಕೊಂಡದ್ದುಂಟು.

ಆದರೆ ಹೇಳಹೊರಟದ್ದು ಹಾಲಕ್ಕಿಯ ಮಾತು. ಮೂರು ವರ್ಷದ ಹಿಂದಿನ ಮಾಘಮಾಸ. ಬೇವಿನ ಮರದಲ್ಲಿ ಎಂದೋ ಕೊಂಬೆ ಮುರಿದು ಆದ ಪೊಟರೆಯ ಬಾಯಲ್ಲಿ, ಎಳೆಬಿಸಿಲಿಗೆ ಮುಖವೊಡ್ಡಿ ಎರಡು ಪುಟ್ಟ ಗೂಬೆಗಳು ಕುಳಿತಿದ್ದವು. ಗೊರವಂಕದಷ್ಟೇ ಗಾತ್ರ, ಬೂದುಗಂದು ಮೈಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿಯ ಚುಕ್ಕೆ, ಹಳದಿ ಕಣ್ಣು. ನಾನು ನೋಡುತ್ತಿರುವುದು ತಿಳಿಯುತ್ತಲೇ ಎರಡೂ ತಲೆಯನ್ನು ಮೇಲೆ ಕೆಳಗೆ ಕುಣಿಸಿ, ಬೀಗರಿಗೆ ನಮಸ್ಕಾರ ಮಾಡುವ ಹೊಸ ಅಳಿಯನಂತೆ ಪುನಃಪುನಃ ವಂದಿಸಿದವು. ಕೆಲವು ದಿನಗಳಲ್ಲಿ ಒಂದೇ ಕಾಣತೊಡಗಿತು. ಸಂಜೆ ಅದು ಕೊಕ್ಕಿನಲ್ಲಿ ಏನನ್ನೋ ಕಚ್ಚಿ ತಂದು ಪೊಟರೆಯೊಳಗೆ ನುಸುಳುತ್ತಿತ್ತು. ಒಳಗೆ ಹೆಣ್ಣು ಕಾವಿಗೆ ಕುಳಿತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸಾಕ್ಷಿ ನನ್ನ ಮನೆಯಾಕೆಗೂ ಸಿಕ್ಕಿತು. ಆಕೆ ಯಲಬುರ್ಗಾ ಕಡೆಯವಳು. ಅಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಹತ್ತಿದರೆ ಬಿಡುವುದಿಲ್ಲ. ಆಕೆಯ ತಲೆಗೆ ಹತ್ತಿದ ಮಾತೂ ಹಾಗೆಯೇ.

"ಏನ್ರೀ, ಹಿತ್ತಲದಾಗ ಗೂಬಿ ಸಂಸಾರ ಹೂಡೈತಿ. ಮಗಳನ್ನ ನೋಡಾಕ ಕುಷ್ಟಗಿಯವ್ರು ಬರೂ ಹೊತ್ತಿನ್ಯಾಗ ಇದೇನ್ ಅಪಶಕುನ? ಆ ಪೊಟರಿಗೆ ಒಂದು ಪುಟ್ಟಿ ಸಿಮೆಂಟು ಹಾಕಿಸಿಬಿಡ್ರಿ" ಎಂದಳು.

ಸಿಮೆಂಟೂ ದೂರವಿರಲಿಲ್ಲ. ಬಚ್ಚಲು ರಿಪೇರಿಗೆ ತರಿಸಿದ ಅರ್ಧ ಚೀಲ ಜಗುಲಿಯ ಮೇಲೆಯೇ ಇತ್ತು. ನಾನು ವಾದಕ್ಕಿಳಿದೆ. ಮರದ ಬುಡದಲ್ಲಿ ಕಿರುಬೆರಳಿನಷ್ಟು ಬೂದುಬಣ್ಣದ ಉಂಡೆಗಳು ಬಿದ್ದಿರುತ್ತವೆ. ಅರಗದ್ದನ್ನು ಗೂಬೆಗಳು ಹೀಗೆ ಉಂಡೆಮಾಡಿ ಕಕ್ಕುತ್ತವೆ. ಅವನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ಸಾಲಾಗಿಟ್ಟು ತೋರಿಸಿದೆ: ಜೀರುಂಡೆಯ ರೆಕ್ಕೆ, ಮಿಡತೆಯ ಕಾಲು, ಇಲಿಯ ತಲೆಬುರುಡೆ ಎರಡು. "ನಿನ್ನ ಜೋಳದ ಚೀಲ ತೂತಾಗದೆ ಉಳಿದದ್ದು ಯಾರಿಂದ ನೋಡು" ಎಂದೆ. ಉಂಡೆ ಬಿಡಿಸಲು ಬಳಸಿದ್ದು ಅಡಿಗೆಮನೆಯ ತಾಟೆಂಬುದು ಆಗ ಬೆಳಕಿಗೆ ಬಂದು ನನ್ನ ವಾದ ಬಿದ್ದುಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಮುಂದಿಟ್ಟೆ. "ಕಾಯ್ದೆ ಬಂದು ಮಗಳ ಮದುವಿ ಮಾಡಿಕೊಡ್ತೈತೇನು?" ಎಂದು ಕೇಳಿದಳು. ಕೊನೆಗೆ, ಬುಡಬುಡಿಕೆಯವನು ನಸುಕಿನಲ್ಲಿ ಬಂದು ಹಾಲಕ್ಕಿ ಶುಭ ನುಡಿದಿದೆಯೆಂದರೆ ಮರದ ತುಂಬ ಜೋಳ ಹಾಕುವವಳು, ಅದೇ ಹಾಲಕ್ಕಿ ದಕ್ಷಿಣೆ ಕೇಳದೆ ತಾನೇ ನುಡಿದರೆ ಅಪಶಕುನವೆಂಬುದು ಯಾವ ನ್ಯಾಯ ಎಂದೆ. ಇದಕ್ಕೆ ಉತ್ತರ ಬರಲಿಲ್ಲ. ಆದರೆ ಉತ್ತರವಿಲ್ಲದ್ದು ಒಪ್ಪಿಗೆಯಲ್ಲ. ಮರುದಿನ ಗೌಂಡಿಗೆ ಹೇಳಿಕಳಿಸಿದ್ದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಆಕೆಗೆ ಹೇಳದಿದ್ದುದೊಂದನ್ನು ಹೇಳಿದೆ. ನನಗೆ ಎಂಟೋ ಒಂಬತ್ತೋ ವಯಸ್ಸು. ಶಾಲೆಯ ಹಿಂದಿನ ಪಾಳುಗೋಡೆಯ ಸಂದಿಯಲ್ಲಿ ಕುಳಿತಿದ್ದ ಹಾಲಕ್ಕಿಗೆ ನಾವು ನಾಲ್ವರು ಹುಡುಗರು ಕಲ್ಲು ಬೀಸಿದೆವು. ತಾಕಿದ್ದು ನನ್ನ ಕಲ್ಲು. ನೆಲಕ್ಕೆ ಬಿದ್ದದ್ದು ಹಾರಲಾರದೆ, ಒಂದು ರೆಕ್ಕೆ ಹರವಿ, ಹಳದಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ದಾರಿಹೋಕರೊಬ್ಬರು, ಒಳ್ಳೆಯದಾಯಿತು, ಅನಿಷ್ಟ ತೊಲಗಿತೆಂದು ನನ್ನ ಬೆನ್ನು ತಟ್ಟಿ ಹೋದರು. ಆ ಶಹಭಾಸಗಿರಿಯ ಹೆಮ್ಮೆಯಲ್ಲಿ ಮನೆಗೆ ಬಂದೆ; ಊಟಕ್ಕೆ ಕುಳಿತಾಗ ತುತ್ತು ಇಳಿಯಲಿಲ್ಲ. ಮರುದಿನ ಹೋಗಿ ನೋಡಿದರೆ ಅಲ್ಲಿ ಇರುವೆಗಳ ಸಾಲೊಂದೇ ಇತ್ತು.

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಹತ್ತಿತೆಂದುಕೊಂಡೆ.

"ಅದಕ್ಕೂ ಮರಿ ಇದ್ದುವೇನು?"

"ಗೊತ್ತಿಲ್ಲ. ನೋಡಲಿಲ್ಲ."

ಬೆಳಿಗ್ಗೆ ಗೌಂಡಿ ಬಂದ. ಬಚ್ಚಲಿನ ಕಲ್ಲು ಕೂಡಿಸಿ, ಉಳಿದ ಸಿಮೆಂಟನ್ನು ಅಂಗಳದ ಬಿರುಕಿಗೆ ಮೆತ್ತಿ, ಚಹ ಕುಡಿದು ಹೋದ. ಮರದ ಮಾತನ್ನು ಯಾರೂ ಎತ್ತಲಿಲ್ಲ.

ಕುಷ್ಟಗಿಯವರು ಬಂದದ್ದು ಸಂಜೆಯ ಹೊತ್ತಿಗೆ. ಶಿರಾ ಉಪ್ಪಿಟ್ಟಿನ ತಾಟುಗಳು ಹೊರಬರುವುದಕ್ಕೂ ಹಿತ್ತಲಿನಲ್ಲಿ ಹಾಲಕ್ಕಿ ಜೋಡಿ ಗಲಾಟೆ ಎಬ್ಬಿಸುವುದಕ್ಕೂ ಸರಿಹೋಯಿತು. ಅದರ ಕೂಗು ಕೇಳಿದವರಿಗೆ ಗೊತ್ತು. ಇಬ್ಬರು ಸವತಿಯರು ನಲ್ಲಿಯ ಮುಂದೆ ಸಿಕ್ಕಿಬಿದ್ದಂತೆ. ಹುಡುಗನ ಅಜ್ಜಿ ತಲೆಯೆತ್ತಿ, "ಗಿಡದಾಗ ಹಾಲಕ್ಕಿ ಐತೇನ್ರೀ?" ಎಂದರು. ನಾನು ಬೆವತೆ. ಮನೆಯಾಕೆ ತಾಟನ್ನು ಅವರ ಮುಂದಿಟ್ಟು, "ಹೌದ್ರೀ ಅಜ್ಜಿ, ಬಾಣಂತಿ ಐತಿ" ಎಂದಳು. ಅಜ್ಜಿ ನಕ್ಕರು. ಮಗಳು ಒಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಸಂಬಂಧ ಕೂಡಲಿಲ್ಲ. ಹುಡುಗನಿಗೆ ದೂರದೂರಿನ ನೌಕರಿ, ಇವಳಿಗೆ ತನ್ನ ಶಾಲೆ ಬಿಡಲು ಮನಸ್ಸಿಲ್ಲ, ಕಾರಣ ಇಷ್ಟೇ. ಆದರೂ ಮನೆಯಾಕೆ ಎಂಟು ದಿನ ಬೇವಿನ ಮರದ ಕಡೆಗೆ ಮುಖವೆತ್ತಿ ನೋಡಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಒಂಬತ್ತನೆಯ ದಿನ ಕರೆದವಳು ಆಕೆಯೇ. ಪೊಟರೆಯ ಬಾಯಲ್ಲಿ ಮೂರು ಮರಿ, ಮೂರು ಅಳತೆಯವು! ಮೊದಲ ಮೊಟ್ಟೆ ಇಟ್ಟೊಡನೆ ತಾಯಿ ಕಾವಿಗೆ ಕೂಡುವುದರಿಂದ ಮರಿಗಳು ಹಿಂದುಮುಂದಾಗಿ ಹೊರಬರುತ್ತವೆಂದು ವಿವರಿಸಲು ಹೋದೆ. "ನನಗೂ ಮೂರು ಹಡದು ಗೊತ್ತೈತಿ" ಎಂದು ಬಾಯಿ ಮುಚ್ಚಿಸಿದಳು. ಎಲ್ಲಕ್ಕಿಂತ ಚಿಕ್ಕದು ಒಂದು ಸಂಜೆ ಆಯತಪ್ಪಿ ಕೆಳಗೆ ಬಿದ್ದಾಗ, ಓಣಿಯ ಬೆಕ್ಕಿಗಿಂತ ಮೊದಲು ಓಡಿದವಳೂ ಆಕೆಯೇ. ಸೆರಗಿನಲ್ಲಿ ಎತ್ತಿ ಕೊಟ್ಟಳು. ಏಣಿಯೇರಿ ಒಳಗಿಟ್ಟದ್ದಷ್ಟೇ ನನ್ನ ಪರಾಕ್ರಮ. ತಾಯಿಹಕ್ಕಿ ನನ್ನ ನೆತ್ತಿಯನ್ನು ಪರಚದೆ ಬಿಡಲಿಲ್ಲ. ಹಳೆಯ ಲೆಕ್ಕ, ಬಡ್ಡಿ ಕಡಿಮೆಯೇ ಆಯಿತೆಂದುಕೊಂಡೆ.

ಈಗ ಮಗಳು ಗಂಗಾವತಿಯಲ್ಲಿದ್ದಾಳೆ. ಅಲ್ಲಿಯೇ ಒಂದು ಶಾಲೆಗೆ ವರ್ಗ ಮಾಡಿಸಿಕೊಂಡಿದ್ದಾಳೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದ ಮೇಲೆ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವಾದ ನೆಲ ಅದು. ನಮ್ಮ ಬೆಂಗಾಡಿನ ಹಕ್ಕಿಗಳೇ ಬೇರೆ, ಅಲ್ಲಿಯವೇ ಬೇರೆ. ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿ, ಕಾಲುವೆಯ ತಂತಿಯ ಮೇಲೆ ಮಿಂಚುಳ್ಳಿ ಎಂದು ರವಿವಾರಕ್ಕೊಮ್ಮೆ ಫೋನಿನಲ್ಲಿ ನನಗೆ ವರದಿ ಒಪ್ಪಿಸುತ್ತಾಳೆ. ಕಳೆದ ರವಿವಾರ ಆ ವರದಿ ಮುಗಿಯುವ ಮುನ್ನವೇ ಮನೆಯಾಕೆ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಅವೆಲ್ಲ ಇರ್ಲಿ ಬಿಡವಾ. ಈ ಸಲ ನಮ್ಮ ಪೊಟರ್‍ಯಾಗ ನಾಕು ಅದಾವ."